ಜಾಕ್ ಎತ್ತುತ್ತದೆ, ಹಿಡಿಯುವುದಿಲ್ಲ

ಎರಡು ತಿಂಗಳ ಹಿಂದಿನ ಒಂದು ಭಾನುವಾರ. ಬೆಳಿಗ್ಗೆ ಹಾಲು ತರಲೆಂದು ಹೊರಟವನು ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹಾಗೇ ನಿಂತುಬಿಟ್ಟೆ. ಮೂರನೇ ಮಹಡಿಯ ಹುಡುಗನ ಕಾರಿನ ಮುಂದಿನ ಎಡ ಚಕ್ರ ನೆಲ ಬಿಟ್ಟು ಮೇಲೆದ್ದಿತ್ತು. ಡಿಕ್ಕಿಯಲ್ಲಿ ಕಾರಿನ ಜೊತೆಗೇ ಬರುವ ಆ ಸಣ್ಣ ಕತ್ತರಿ ಜಾಕಿನ ಮೇಲೆ ಇಡೀ ಮೂಲೆ ಕೂತಿತ್ತು. ಕೆಳಗಿನಿಂದ ಎರಡು ಕಾಲುಗಳು ಹೊರಚಾಚಿದ್ದವು. ಹುಡುಗನ ಎದೆ, ತಲೆ ಎರಡೂ ಎಂಜಿನ್ನಿನ ಅಡಿಯಲ್ಲಿದ್ದವು.

ಕೂಗಲಿಲ್ಲ. ಬೆಚ್ಚಿ ಏನನ್ನಾದರೂ ಎಳೆದಾನೆಂಬ ಭಯ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ‘ಮರಿ, ಏನನ್ನೂ ಮುಟ್ಟದೆ ನಿಧಾನಕ್ಕೆ ಈಚೆ ಬಾ’ ಎಂದೆ. ತೆವಳಿಕೊಂಡು ಬಂದ. ‘ಏನಂಕಲ್? ಒಂದು ವಾರದಿಂದ ಟಕಟಕ ಸೌಂಡ್ ಬರ್ತಿದೆ, ಏನು ಅಂತ ನೋಡ್ತಿದ್ದೆ. ಐದೇ ನಿಮಿಷ’ ಎಂದ. ಅವನನ್ನು ದೂರ ನಿಲ್ಲಿಸಿ, ಕಾರಿನ ಮಡ್‌ಗಾರ್ಡಿಗೆ ಅಂಗೈ ಇಟ್ಟು ಒಮ್ಮೆ ಮೆಲ್ಲಗೆ ತಳ್ಳಿದೆ. ಜಾಕಿನ ತಲೆ ಅರ್ಧ ಇಂಚು ವಾಲಿತು. ಹುಡುಗ ಅದನ್ನು ನೋಡಿದ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಶಿವಮೊಗ್ಗದಲ್ಲಿ ನನ್ನ ತಂದೆಯ ಪ್ರೀಮಿಯರ್ ಪದ್ಮಿನಿಯನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯೊಬ್ಬರು ನನಗೆ ಮೊದಲು ಕಲಿಸಿದ ಪಾಠ ಪಾನ (ಸ್ಪ್ಯಾನರ್) ಹಿಡಿಯುವುದಲ್ಲ. ‘ಜಾಕ್ ಎತ್ತುತ್ತೆ ಅಷ್ಟೇ ಕಣೋ, ಹಿಡ್ಕಳಲ್ಲ’ ಎಂಬ ಒಂದು ಮಾತು. ಅವರು ಯಾವ ಗಾಡಿಯ ಕೆಳಗೆ ಹೋಗುವ ಮುನ್ನವೂ ಸ್ಟ್ಯಾಂಡಿನ ಮೇಲೆ ಕೂತ ಗಾಡಿಗೆ ಸೊಂಟ ಕೊಟ್ಟು ಜೋರಾಗಿ ಒಮ್ಮೆ ತಳ್ಳುತ್ತಿದ್ದರು. ಬೀಳುವುದಿದ್ದರೆ ನಾನು ಹೊರಗಿರುವಾಗಲೇ ಬೀಳಲಿ ಎಂಬುದು ಅವರ ಲೆಕ್ಕ.

ಮನೆಯಲ್ಲೇ ಕಾರು ಬಿಚ್ಚುವವರ ಸಂಖ್ಯೆ ಈಗ ಹೆಚ್ಚಿದೆ. ಫೋನಿನಲ್ಲಿ ಪ್ರತಿ ಮಾಡೆಲ್ಲಿಗೂ ವಿಡಿಯೊ ಸಿಗುತ್ತದೆ, ಸರ್ವಿಸ್ ಬಿಲ್ಲು ನೋಡಿದರೆ ಕೈ ನಡುಗುತ್ತದೆ, ಜೊತೆಗೆ ತನ್ನ ಗಾಡಿಯನ್ನು ತಾನೇ ಅರಿಯಬೇಕೆಂಬ ಆಸೆ. ಈ ಆಸೆಯ ಬಗ್ಗೆ ನನಗೆ ಗೌರವವಿದೆ. ನಾನೂ ಆ ಆಸೆಯವನೇ. ಆದರೆ ವಿಡಿಯೊಗಳು ಬಿಚ್ಚುವುದು ಹೇಗೆಂದು ಹೇಳಿಕೊಡುವಷ್ಟು ಚೆನ್ನಾಗಿ, ಬಿಚ್ಚುವಾಗ ಕಾರಿನೊಳಗೆ ಏನು ಅಡಗಿ ಕೂತಿರುತ್ತದೆಂದು ಹೇಳುವುದಿಲ್ಲ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮಾತ್ರಕ್ಕೆ ಕಾರು ನಿದ್ದೆ ಹೋಗುವುದಿಲ್ಲ. ಎತ್ತಿದ ಭಾರದಲ್ಲಿ, ರೇಡಿಯೇಟರಿನ ಬಿಸಿನೀರಿನಲ್ಲಿ, ಬ್ಯಾಟರಿಯಲ್ಲಿ, ಡೀಸೆಲ್ ಪೈಪಿನಲ್ಲಿ, ಸ್ಟಿಯರಿಂಗಿನ ನಡುವಿನ ಏರ್‌ಬ್ಯಾಗಿನಲ್ಲಿ ಬಲ ಕೂಡಿಟ್ಟಂತೆ ಇರುತ್ತದೆ. ಎಲ್ಲಿ, ಎಷ್ಟು, ಅದನ್ನು ಇಳಿಸುವುದು ಹೇಗೆ ಎಂದು ಗೊತ್ತಾದ ಮೇಲೆಯೇ ಪಾನ ಕೈಗೆತ್ತಿಕೊಳ್ಳಬೇಕು.

ಭಾರದಿಂದಲೇ ಶುರುಮಾಡೋಣ, ಯಾಕೆಂದರೆ ಅದು ಎರಡನೇ ಅವಕಾಶ ಕೊಡುವುದಿಲ್ಲ. ಆಲ್ಟೊದಂಥ ಪುಟ್ಟ ಕಾರೂ 700 ಕಿಲೋಗಿಂತ ಹೆಚ್ಚು ತೂಗುತ್ತದೆ. ಕಂಪನಿಯವರು ಕೊಡುವ ಕತ್ತರಿ ಜಾಕ್ ಪಂಚರ್ ಆದಾಗ ಸ್ಟೆಪ್ನಿ ಬದಲಾಯಿಸಲಿಕ್ಕೆ, ಅಷ್ಟಕ್ಕೇ. ಕೆಳಗೆ ಮಲಗುವವರಿಗೆ ಬೇಕಾದದ್ದು ಜಾಕ್ ಸ್ಟ್ಯಾಂಡು. ಮೂರೋ ನಾಲ್ಕೋ ಕಾಲಿನ, ಹಲ್ಲಿಗೆ ಹಲ್ಲು ಕಚ್ಚಿ ನಿಲ್ಲುವ ಉಕ್ಕಿನ ಆಸರೆ. ಒಂದು ಜೊತೆಯ ಬೆಲೆ ಒಂದು ಹೊಸ ಟೈರಿನ ಬೆಲೆಗೂ ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತದೆ. ಅದರ ಬದಲು ಇಟ್ಟಿಗೆ, ಹಾಲೋ ಬ್ಲಾಕ್, ಸೈಜುಗಲ್ಲು ಜೋಡಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಸಿಮೆಂಟಿನ ಬ್ಲಾಕು ಗೋಡೆಯಲ್ಲಿ ಸಮನಾಗಿ ಹರಡಿದ ಭಾರವನ್ನು ಹೊರುತ್ತದೆ. ಒಂದೇ ಬಿಂದುವಿನಲ್ಲಿ ಒತ್ತಿದರೆ ಮುನ್ಸೂಚನೆಯೇ ಇಲ್ಲದೆ ಪುಡಿಯಾಗುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ನಿಲ್ಲಿಸಿದರೆ ಸಾಕು ಎಂಬ ನಂಬಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನವನ್ನು. ಮುಂದಿನ ಒಂದು ಚಕ್ರವನ್ನು ಎತ್ತಿದ ಕೂಡಲೇ ಗೇರಿನ ಹಿಡಿತ ಇದ್ದೂ ಇಲ್ಲದಂತಾಗುತ್ತದೆ. ಎರಡು ಚಕ್ರಗಳ ನಡುವಿನ ಡಿಫರೆನ್ಷಿಯಲ್ಲು ಗಾಳಿಯಲ್ಲಿರುವ ಚಕ್ರವನ್ನು ಸಲೀಸಾಗಿ ತಿರುಗಲು ಬಿಟ್ಟು, ನೆಲದ ಮೇಲಿನ ಇನ್ನೊಂದನ್ನೂ ಉರುಳಲು ಬಿಡುತ್ತದೆ. ಹಿಂದಿನ ಚಕ್ರ ಎತ್ತಿದರೆ ಹ್ಯಾಂಡ್‌ಬ್ರೇಕಿನ ಅರ್ಧ ಬಲ ಹೋಯಿತು. ಆದ್ದರಿಂದ ಯಾವ ಮೂಲೆ ಎತ್ತುತ್ತೀರೋ ಅದಕ್ಕೆ ಕರ್ಣವಾಗಿರುವ ಚಕ್ರದ ಹಿಂದೆಯೂ ಮುಂದೆಯೂ ಅಡ್ಡಗಲ್ಲು ಕೊಡಲೇಬೇಕು. ಚಕ್ರದ ನಟ್ಟುಗಳನ್ನು ಟೈರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು. ಎತ್ತಿದ ಮೇಲೆ ಪಾನಕ್ಕೆ ಕಾಲು ಕೊಟ್ಟು ತುಳಿದರೆ ಕಾರೇ ಜಾಕಿನಿಂದ ಜಾರುತ್ತದೆ. ಮಳೆಗಾಲದ ಮಣ್ಣಿನ ಮೇಲಾದರೆ ಜಾಕಿನ ಅಡಿಗೆ ಅಗಲವಾದ ಮರದ ಹಲಗೆ. ಕಳಚಿದ ಚಕ್ರವನ್ನು ಗೋಡೆಗೆ ಒರಗಿಸುವ ಬದಲು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿ ಇಡಿ. ಎಲ್ಲ ಕೈಕೊಟ್ಟರೂ ಒಂದು ಗೇಣು ಜಾಗ ಉಳಿಯುತ್ತದೆ.

ಇನ್ನು ಬಿಸಿ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ಬಂದು ಬಾನೆಟ್ ಎತ್ತಿ ನಿಂತ ಕಾರುಗಳನ್ನು ಬೇಸಿಗೆ ರಜೆಯಲ್ಲಿ ಯಾರು ನೋಡಿಲ್ಲ? ಕೈಯಲ್ಲೊಂದು ನೀರಿನ ಬಾಟಲಿ, ಇನ್ನೊಂದು ಕೈ ರೇಡಿಯೇಟರಿನ ಮುಚ್ಚಳದ ಮೇಲೆ. ಆ ಎರಡನೇ ಕೈಯನ್ನು ಕಂಡರೆ ನನ್ನ ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ರೇಡಿಯೇಟರ್ ನಮ್ಮ ಅಡುಗೆಮನೆಯ ಕುಕ್ಕರಿನ ಅಣ್ಣ. ಮುಚ್ಚಳದ ಸ್ಪ್ರಿಂಗು ಸಾಮಾನ್ಯವಾಗಿ 0.9 ಇಲ್ಲವೇ 1.1 ಬಾರ್ ಒತ್ತಡದವರೆಗೆ ಒಳಗಿನದನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 115 ದಾಟುವವರೆಗೂ ನೀರಾಗಿಯೇ ಇರುತ್ತದೆ. ಮುಚ್ಚಳ ತಿರುಗಿಸಿದ ಗಳಿಗೆಯಲ್ಲಿ ಒತ್ತಡ ಇಳಿಯುತ್ತದೆ, ಅಲ್ಲಿಯವರೆಗೆ ಸುಮ್ಮನಿದ್ದ ಅಷ್ಟೂ ನೀರು ಒಂದೇ ಸಲಕ್ಕೆ ಕುದಿಯತೊಡಗುತ್ತದೆ. ಒಂದು ಲೋಟ ನೀರು ಆವಿಯಾದರೆ ಅದರ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಅದು ಹೊರಬರುವ ದಾರಿಯಲ್ಲಿರುವುದು ಬಗ್ಗಿ ನೋಡುತ್ತಿರುವ ಮುಖ. ವಿಸಿಲ್ ಇಳಿಯದ ಕುಕ್ಕರನ್ನು ನಮ್ಮ ಮನೆಯ ಯಾವ ಹೆಣ್ಣುಮಗಳೂ ತೆಗೆಯುವುದಿಲ್ಲ. ಆ ವಿವೇಕ ರಸ್ತೆ ಬದಿಯಲ್ಲಿ ಗಂಡಸರಿಗೆ ಯಾಕೆ ಮರೆಯುತ್ತದೋ.

ಕನಿಷ್ಠ ಮುಕ್ಕಾಲು ಗಂಟೆ ಕಾಯಬೇಕು. ಮೇಲಿನ ದಪ್ಪ ರಬ್ಬರ್ ಪೈಪನ್ನು ಬಟ್ಟೆ ಸುತ್ತಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ, ಮೆತ್ತಗಿದ್ದರೆ ಇಳಿದಿದೆ. ಆಮೇಲೂ ದಪ್ಪ ಬಟ್ಟೆ ಹಾಕಿ, ಮುಖ ತಿರುಗಿಸಿ, ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ ಉಸಿರು ಬಿಡಲು ಬಿಡಬೇಕು. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ. ಬಾನೆಟ್ ತೆರೆದಾಗ ಫ್ಯಾನಿನಿಂದ ಕೈ ದೂರವಿರಲಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದಮೇಲೂ ಅದು ತನ್ನಷ್ಟಕ್ಕೆ ತಿರುಗುತ್ತದೆ. ಮುಳ್ಳು ಮೇಲೇರುತ್ತಿದೆ ಆದರೆ ಇನ್ನೂ ಕೆಂಪು ಮುಟ್ಟಿಲ್ಲ, ನಿಲ್ಲಿಸಲು ಜಾಗವಿಲ್ಲ ಎಂಬಂಥ ಹೊತ್ತಿನಲ್ಲಿ ಏಸಿ ಆರಿಸಿ, ಹೀಟರನ್ನು ಪೂರ್ತಿ ಹಾಕಿ, ಕಿಟಕಿ ಇಳಿಸಿ. ಹೀಟರೂ ಒಂದು ಸಣ್ಣ ರೇಡಿಯೇಟರೇ. ಎಂಜಿನ್ನಿನ ಒಂದಷ್ಟು ಬಿಸಿಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಬೆವರಿದರೂ ಸರಿ, ಸುರಕ್ಷಿತ ಜಾಗ ಮುಟ್ಟಬಹುದು.

ಆವಿ ತಗುಲಿಬಿಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿದು, ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟ್, ಅರಿಶಿನ, ಕಾಫಿಪುಡಿ, ಎಣ್ಣೆ ಯಾವುದೂ ಬೇಡ. ಚೆಲ್ಲಿದ ಕೂಲೆಂಟನ್ನು ನೀರು ಹಾಕಿ ತೊಳೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಬೀದಿನಾಯಿಯೋ ಮಗುವೋ ಅದನ್ನು ನೆಕ್ಕಿದರೆ ಮೂತ್ರಪಿಂಡ ಹಾಳಾಗಬಹುದು.

ಇಷ್ಟು ಹೇಳಿದ ಮೇಲೆ ಕಾಯಿಲೆ ಕಂಡುಹಿಡಿಯುವ ಮಾತು. ಇದು ಮನೆಯವರ ಕೆಲಸವೇ, ಇದರಲ್ಲಿ ಅಪಾಯ ಕಡಿಮೆ, ಲಾಭ ಹೆಚ್ಚು. ಗ್ಯಾರೇಜಿನ ಮೇಸ್ತ್ರಿ ನಿಮ್ಮ ಕಾರನ್ನು ಹತ್ತು ನಿಮಿಷ ಓಡಿಸುತ್ತಾನೆ, ನೀವು ದಿನವೂ ಅದರಲ್ಲಿ ಕೂರುತ್ತೀರಿ. ಅವನಿಗೆ ಬೇಕಾದದ್ದು ‘ಹೀಟ್ ಆಗ್ತಿದೆ’ ಎಂಬ ದೂರಲ್ಲ. ಯಾವಾಗ ಆಗುತ್ತಿದೆ ಎಂಬುದು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಮುಳ್ಳು ಏರಿ, ಹೈವೇ ಸೇರಿದ ಮೇಲೆ ಇಳಿದರೆ ಅನುಮಾನ ಮೊದಲು ಫ್ಯಾನಿನ ಮೇಲೆ, ಅದರ ರಿಲೇ, ಫ್ಯೂಸಿನ ಮೇಲೆ. ನಿಂತ ಕಾರಿಗೆ ಗಾಳಿ ಕೊಡುವುದು ಫ್ಯಾನ್ ಒಂದೇ. ತದ್ವಿರುದ್ಧವಾಗಿ ಊರೊಳಗೆ ಚೆನ್ನಾಗಿದ್ದು ಘಟ್ಟ ಹತ್ತುವಾಗ, ನೂರರ ವೇಗದಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ನೀರಿನ ಪಂಪು ಸೋತಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲದಿರಬಹುದು. ಕೂಲೆಂಟ್ ಪದೇಪದೇ ಕಡಿಮೆಯಾಗಿ ನೆಲದ ಮೇಲೆ ಒಂದು ಹನಿಯೂ ಕಾಣದಿದ್ದರೆ ಎಂಜಿನ್ ಆಯಿಲ್ಲಿನ ಮುಚ್ಚಳ ತೆಗೆದು ನೋಡಿ. ಹಾಲು ಹಾಕಿದ ಕಾಫಿಯ ಬಣ್ಣದ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ದೊಡ್ಡದು. ಗಾಡಿಯನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗುವುದೇ ಒಳ್ಳೆಯದು.

ಹೊಗೆಯೂ ವಾಸನೆಯೂ ಹೀಗೇ ಮಾತಾಡುತ್ತವೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಎಂದರೆ ಇಂಧನ ಹೆಚ್ಚಾಗಿದೆ, ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಎಂದರೆ ಸಾಮಾನ್ಯವಾಗಿ ಕೂಲೆಂಟ್ ಒಳಗೆ ಸೇರಿದೆ. ಕಾರಿನೊಳಗೆ ಸಿಹಿ ವಾಸನೆ ಬಂದರೆ ಹೀಟರಿನ ಕಡೆ ಸೋರಿಕೆ ಹುಡುಕಬೇಕು. ಕೊಳೆತ ಮೊಟ್ಟೆಯ ವಾಸನೆಗೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿರುವುದೂ ಒಂದು ಕಾರಣ.

ಬ್ಯಾಟರಿಯ ವಿಷಯಕ್ಕೆ ಬಂದೆವು. 12 ವೋಲ್ಟ್ ತಾನೇ, ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಆದರೆ ಎರಡು ತುದಿಗಳ ನಡುವೆ ಒಂದು ಪಾನ ಬಿದ್ದರೆ ನೂರಾರು ಆಂಪಿಯರ್ ಒಮ್ಮೆಗೇ ಹರಿದು, ಕಬ್ಬಿಣ ಕ್ಷಣದಲ್ಲಿ ಕೆಂಪಗಾಗುತ್ತದೆ. ಬೆರಳಿನ ಉಂಗುರವೋ ಕೈಯ ಕಡಗವೋ ಆ ದಾರಿಯಲ್ಲಿ ಸಿಕ್ಕರೆ ಚರ್ಮ ಮೂಳೆಯವರೆಗೆ ಸುಡಬಹುದು. ಉಂಗುರ, ವಾಚು ತೆಗೆದಿಟ್ಟೇ ಬಾನೆಟ್ಟಿನೊಳಗೆ ಕೈ ಹಾಕಬೇಕು. ಕಳಚುವಾಗ ಮೊದಲು ಮೈನಸ್, ಕೂಡಿಸುವಾಗ ಕೊನೆಗೆ ಮೈನಸ್. ಇದು ಬರಿಯ ಸಂಪ್ರದಾಯವಲ್ಲ. ಕಾರಿನ ಇಡೀ ಬಾಡಿ ಮೈನಸ್ಸಿಗೆ ಅರ್ಥ್ ಆಗಿರುತ್ತದೆ. ಮೈನಸ್ ಇರುವಾಗಲೇ ಪ್ಲಸ್ಸಿನ ನಟ್ಟು ಸಡಿಲಿಸಲು ಹೋಗಿ ಪಾನದ ಬಾಲ ಎಲ್ಲಾದರೂ ತಗಡಿಗೆ ತಗುಲಿದರೆ ಆ ಪಾನವೇ ತಂತಿಯಾಗುತ್ತದೆ. ಮೈನಸ್ ಮೊದಲೇ ತೆಗೆದಿದ್ದರೆ ತಗುಲಿದರೂ ಏನೂ ಆಗುವುದಿಲ್ಲ.

ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ರಷ್ಟು ಸೇರಿದರೂ ಒಂದು ಕಿಡಿ ಸಾಕು. ಬೇರೆ ಕಾರಿನಿಂದ ಕರೆಂಟ್ ಎರವಲು ಪಡೆಯುವಾಗ ಕೊನೆಯ ಕರಿ ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಕಚ್ಚಿಸದೆ, ದೂರದಲ್ಲಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಬೇಕೆನ್ನುವುದು ಅದಕ್ಕೇ. ಕೊನೆಯ ಕಿಡಿ ಹಾರುವುದು ಅಲ್ಲೇ, ಅದು ಹೈಡ್ರೋಜನ್ನಿನಿಂದ ದೂರ ಹಾರಲಿ. ಕಣ್ಣಿಗೆ ಕನ್ನಡಕ ಇರಲಿ. ಆಸಿಡ್ ಸಿಡಿದರೆ ಉಜ್ಜದೆ, ಕಾಲು ಗಂಟೆಗೂ ಹೆಚ್ಚು ಹೊತ್ತು ನೀರು ಹಾಯಿಸುತ್ತಲೇ ಇದ್ದು ಡಾಕ್ಟರ ಬಳಿಗೆ ಹೋಗಬೇಕು.

ಬೆಳಿಗ್ಗೆ ಆಫೀಸಿಗೆ ಹೊರಟಾಗ ಸೆಲ್ಫ್ ಹೊಡೆಯಲಿಲ್ಲ ಎನ್ನಿ. ಹಾರ್ನ್ ಒತ್ತಿ, ಹೆಡ್‌ಲೈಟ್ ಹಾಕಿ. ಹಾರ್ನ್ ನೆಗಡಿಯಾದಂತೆ ಕೂಗಿ, ಸೆಲ್ಫ್ ಕೊಟ್ಟಾಗ ದೀಪಗಳೆಲ್ಲ ಮಂಕಾಗಿ ಟಕಟಕಟಕ ಎಂದರೆ ಬ್ಯಾಟರಿ ಸೋತಿದೆ ಅಥವಾ ಅದರ ಟರ್ಮಿನಲ್ಲಿಗೆ ಬಿಳಿ, ಹಸಿರು ಪುಡಿ ಕಟ್ಟಿದೆ. ತಂತಿ ಕಳಚಿ, ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆದು, ಒರೆಸಿ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ದೀಪ ಪ್ರಖರವಾಗಿದ್ದೂ ಟಕ್ ಎಂದು ಒಂದೇ ಸಲ ಸದ್ದಾದರೆ ಸೆಲ್ಫ್ ಮೋಟರೋ ಅದರ ಅರ್ಥ್ ತಂತಿಯೋ ಕಾರಣ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳುತ್ತಿಲ್ಲವೆಂದರೆ ಬ್ಯಾಟರಿಯನ್ನು ದೂರಬೇಡಿ. ಪೆಟ್ರೋಲ್ ಕಾರಿನಲ್ಲಿ ಕೀಲಿ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಪಂಪಿನ ಗುಂಯ್ ಸದ್ದು ಬರಬೇಕು. ಬರುತ್ತಿದೆಯೇ? ಮೀಟರಿನಲ್ಲಿ ಕೀಲಿಯ ಚಿತ್ರ ಮಿನುಗುತ್ತಿದೆಯೇ? ಮಿನುಗುತ್ತಿದ್ದರೆ ಕಾರು ನಿಮ್ಮ ಕೀಲಿಯನ್ನೇ ಗುರುತಿಸುತ್ತಿಲ್ಲ. ಕೆಲವೇ ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಅರ್ಧ ಖಾಲಿ, 12ರ ಕೆಳಗೆ ಬರಿದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರದಿದ್ದರೆ ಹೊಸ ಬ್ಯಾಟರಿ ಹಾಕಿಸಿ ಫಲವಿಲ್ಲ, ಡೈನಮೋ ತೋರಿಸಬೇಕು. ಈ ಎರಡು ಅಳತೆ ನೋಡದೆ ಬ್ಯಾಟರಿ ಬದಲಾಯಿಸಿ ದುಡ್ಡು ಕಳೆದುಕೊಂಡವರು ಎಷ್ಟು ಮಂದಿಯೋ.

ಒಂದು ಹಳೇ ಅಭ್ಯಾಸವನ್ನು ಮಾತ್ರ ಬಿಡಬೇಕು. ಪದ್ಮಿನಿ, ಅಂಬಾಸಿಡರ್ ಕಾಲದಲ್ಲಿ ಪ್ಲಗ್ಗಿನ ವೈರು ಕಿತ್ತು, ತಗಡಿನ ಹತ್ತಿರ ಹಿಡಿದು ಕಿಡಿ ಬರುತ್ತಿದೆಯೇ ಎಂದು ನೋಡುತ್ತಿದ್ದರು. ಆಡುಗೋಡಿಯ ಮೈಕೋ ಫ್ಯಾಕ್ಟರಿಯ ಪ್ಲಗ್ಗುಗಳನ್ನು ಉಜ್ಜಿ ಹಾಕುವುದು ಆಗ ಪ್ರತಿ ಡ್ರೈವರನಿಗೂ ಬರುತ್ತಿತ್ತು. ಇವತ್ತಿನ ಕಾಯಿಲಿನ ಕಿಡಿ ಹತ್ತಾರು ಸಾವಿರ ವೋಲ್ಟಿನದು, ಪಕ್ಕದಲ್ಲಿ ಪೆಟ್ರೋಲಿನ ಆವಿ, ಅದರಾಚೆ ಕಂಪ್ಯೂಟರ್ ಡಬ್ಬಿ. ಆ ಪರೀಕ್ಷೆ ಈಗ ಬೇಡ. ಸೆಲ್ಫ್ ಮೋಟರಿನ ಎರಡು ತುದಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ತಿರುಗಿಸುವುದೂ ಬೇಡ. ಗಾಡಿ ಗೇರಿನಲ್ಲಿದ್ದರೆ ಮುಂದೆ ನಿಂತವನ ಮೇಲೇ ನುಗ್ಗುತ್ತದೆ.

ಫ್ಯೂಸಿನದು ಸಣ್ಣ ವಿಷಯವೆಂದು ನಾವೆಲ್ಲ ಭಾವಿಸುತ್ತೇವೆ. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಕೆಂಪು ಪದೇಪದೇ ಹೋಗುತ್ತಿದೆಯೆಂದು ನೀಲಿ ಹಾಕಿದವನು ಕಾಯಿಲೆ ವಾಸಿಮಾಡಲಿಲ್ಲ, ಕಾವಲುಗಾರನನ್ನು ಮನೆಗೆ ಕಳಿಸಿದ. ಇನ್ನು ಸುಡುವುದು ಡ್ಯಾಶ್‌ಬೋರ್ಡಿನ ಹಿಂದಿನ ವೈರು. ಬೆಳಕು ಸಾಲದೆಂದು 60 ವಾಟಿನ ಜಾಗದಲ್ಲಿ 100 ವಾಟಿನ ಬಲ್ಬು ಹಾಕುವುದೂ ಇದೇ ಬಗೆಯ ತಪ್ಪು. ಕರೆಂಟು 5 ಆಂಪಿಯರಿನಿಂದ 8ರ ಮೇಲೆ ಹೋಗುತ್ತದೆ. ಆದರೆ ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಹಾಗಾಗಿ ಅದೇ ತಂತಿ ಹತ್ತಿರ ಹತ್ತಿರ ಮೂರು ಪಟ್ಟು ಕಾಯುತ್ತದೆ. ಕರಗಿ ಅಂಟಿಕೊಂಡ ಬಲ್ಬ್ ಹೋಲ್ಡರುಗಳನ್ನು ಯಾವ ಆಟೋ ಎಲೆಕ್ಟ್ರಿಷಿಯನ್ನನ ಬುಟ್ಟಿಯಲ್ಲಾದರೂ ನೋಡಬಹುದು. ಬಹಳ ದಿನ ನಿಂತ ಕಾರಾದರೆ ಇಲಿ ಕಡಿದ ವೈರುಗಳನ್ನೂ ಹುಡುಕಿ.

ಡೀಸೆಲ್ ಗಾಡಿಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮ ಟೈರಿನ ಗಾಳಿ ಸುಮಾರು 2.2 ಬಾರ್. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಪೈಪಿನಲ್ಲಿ ಡೀಸೆಲ್ ಓಡುವುದು 1,600 ಬಾರಿನಷ್ಟು ಒತ್ತಡದಲ್ಲಿ, ಕೆಲವದರಲ್ಲಿ ಅದಕ್ಕಿಂತ ಹೆಚ್ಚು. ಕೂದಲೆಳೆಯಷ್ಟು ಬಿರುಕಿನಿಂದ ಬರುವ ಆ ಎಳೆ ಕಣ್ಣಿಗೆ ಕಾಣದಿರಬಹುದು, ಚರ್ಮವನ್ನು ಸೂಜಿಯಂತೆ ತೂರುತ್ತದೆ. ಮೊದಲಿಗೆ ನೋವೇ ಇರುವುದಿಲ್ಲ, ಒಂದು ಚುಕ್ಕೆ ಮಾತ್ರ. ಕೆಲವು ಗಂಟೆಗಳಲ್ಲಿ ಬೆರಳು ಊದಿ, ಒಳಗಿನ ಮಾಂಸ ಸಾಯತೊಡಗುತ್ತದೆ. ಸೋರಿಕೆಯನ್ನು ಬೆರಳಿನಿಂದ ತಡವಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಹಾಗೇನಾದರೂ ಆದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ‘ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ’ ಎಂದು ಬಾಯಿಬಿಟ್ಟು ಹೇಳಿ. ಚುಕ್ಕೆ ನೋಡಿ ಬರಿಯ ಟಿಟಿ ಚುಚ್ಚಿ ಕಳಿಸಿದರೆ ಬೆರಳೇ ಹೋಗಬಹುದು.

ಬ್ರೇಕನ್ನು ಮನೆಯಲ್ಲಿ ಮಾಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ: ಪ್ಯಾಡು ಎಷ್ಟು ಸವೆದಿದೆಯೆಂದು ನೋಡಿ, ಆಯಿಲ್ ಮಟ್ಟ ನೋಡಿ, ಅಲ್ಲಿಗೆ ನಿಲ್ಲಿಸಿ. ಬಿಚ್ಚಲೇಬೇಕೆಂಬ ಆಸೆಯಿದ್ದರೆ ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಉಳಿದ ಕೆಲಸದಲ್ಲಿ ತಪ್ಪಾದರೆ ಕಾರು ನಿಲ್ಲುತ್ತದೆ, ಇದರಲ್ಲಿ ತಪ್ಪಾದರೆ ಕಾರು ನಿಲ್ಲುವುದಿಲ್ಲ. ಹೊಸ ಪ್ಯಾಡು ಹಾಕಿದ ಮೇಲೆ ಪೆಡಲ್ಲು ಗಟ್ಟಿಯಾಗುವವರೆಗೆ ಹಲವು ಸಲ ತುಳಿಯದೆ ಗಾಡಿ ಹೊರಟರೆ ಮೊದಲ ತುಳಿತ ಖಾಲಿ ನೆಲಕ್ಕೆ ಹೋಗುತ್ತದೆ, ಎದುರಿಗೆ ಗೇಟಿರುತ್ತದೆ. ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ಎಣ್ಣೆಯೇ ಅಲ್ಲ. ಅದರ ಡಬ್ಬಿಗೆ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳೆಲ್ಲ ಊದಿಕೊಳ್ಳುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ ಬೇರೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಆ ಖಾತರಿ 155ಕ್ಕೆ ಇಳಿಯುತ್ತದೆ. ಆಗುಂಬೆ ಇಳಿಯುವಾಗ ಪೆಡಲ್ಲು ಮೆತ್ತಗಾಗುವುದಕ್ಕೆ ಇದು ದೊಡ್ಡ ಕಾರಣ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುವುದು ಗ್ಯಾರೇಜಿನವರ ಲಾಭಕ್ಕಲ್ಲ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬೇಡಿ, ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ.

ಏರ್‌ಬ್ಯಾಗಿನ ತಂಟೆಗೆ ಹೋಗಲೇಬೇಡಿ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಚಾಲಕನ ಮುಂದೆ ಅದು ಕಡ್ಡಾಯ. ಒಳಗಿರುವುದು ಒಂದು ಬಗೆಯ ಮದ್ದು. ಕಣ್ಣು ಮಿಟುಕಿಸುವುದಕ್ಕೂ ಮೊದಲೇ, ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ ಅದು ಸಿಡಿದು ತುಂಬುತ್ತದೆ. ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಅದಕ್ಕೆ ಬೇಕಾದ ಕರೆಂಟು ಉಳಿದಿರುತ್ತದೆ. ಹಾರ್ನ್ ಸರಿಮಾಡಲೆಂದು ಸ್ಟಿಯರಿಂಗ್ ಬಿಚ್ಚುವವರು, ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿಯುವವರು ಇದನ್ನು ತಿಳಿದಿರಬೇಕು. ಎಲೆಕ್ಟ್ರಿಕ್, ಹೈಬ್ರಿಡ್ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ಲೂ ಹಾಗೇ. ಬೆಂಗಳೂರಿನಲ್ಲೇ ಹುಟ್ಟಿದ ಎಲೆಕ್ಟ್ರಿಕ್ ಕಾರು ರೇವಾ 2001ರಲ್ಲಿ ರಸ್ತೆಗಿಳಿದಾಗ ಅದರ ಬ್ಯಾಟರಿ 48 ವೋಲ್ಟಿನದು. ಇಂದಿನ ಎಲೆಕ್ಟ್ರಿಕ್ ಕಾರುಗಳದು ಸಾಮಾನ್ಯವಾಗಿ 300 ವೋಲ್ಟಿಗೂ ಮೇಲು, ಅದೂ ಡಿಸಿ. ವೈಪರ್, ಟೈರು, ಏಸಿ ಫಿಲ್ಟರ್ ನಿಮ್ಮದು. ಕಿತ್ತಳೆ ಕೇಬಲ್ಲು ತರಬೇತಾದ ಮೇಸ್ತ್ರಿಗಳದು.

ನೆಲಮಾಳಿಗೆಯಲ್ಲಿ ಎಂಜಿನ್ ಓಡಿಸಿಕೊಂಡು ಸದ್ದು ಆಲಿಸುವುದೂ ಅಪಾಯವೇ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ತಲೆನೋವು, ಮಂಪರು, ಅಲ್ಲಿಗೆ ಜೀವವೇ ಮುಗಿಯಬಹುದು. ಸದ್ದು ಕೇಳಬೇಕಿದ್ದರೆ ಗಾಡಿಯನ್ನು ಬಯಲಿಗೆ ತನ್ನಿ.

2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರದ ಕಡೆಯ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದನ್ನು ಬೆಂಗಳೂರಿನವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ಅನ್ನಿಸುವುದು ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಎಂದು. ಅದನ್ನೇ ಮಾಡಬಾರದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರಿನೊಳಗೆ ನೀರಿದ್ದಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಬ್ಲಾಕನ್ನೇ ಒಡೆದುಕೊಂಡು ಹೊರಬರುತ್ತದೆ. ಸುಮ್ಮನೆ ಮುಳುಗಿದ ಎಂಜಿನ್ನನ್ನು ಉಳಿಸಿಕೊಳ್ಳಬಹುದಿತ್ತು, ತಿರುಗಿಸಿದ ಎಂಜಿನ್ ಹೋಯಿತು. ಎಂಜಿನ್ ರಕ್ಷಣೆಯ ಪ್ರತ್ಯೇಕ ವಿಮೆ ಇಲ್ಲದಿದ್ದರೆ ಆ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೇ. ನೀರು ಇಳಿದ ಮೇಲೆ ಬ್ಯಾಟರಿಯ ಮೈನಸ್ ಕಳಚಿ, ಎಳೆಯುವ ಗಾಡಿಗೆ ಫೋನ್ ಮಾಡಿ.

ಚೆಕ್ ಎಂಜಿನ್ ಲೈಟಿನ ಬಗ್ಗೆಯೂ ಹೇಳಿ ನಮ್ಮ ಹುಡುಗನ ಬಳಿಗೆ ಹೋಗುತ್ತೇನೆ. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸಣ್ಣ ಸ್ಕ್ಯಾನರ್ ಚುಚ್ಚಿದರೆ ಫೋನಿನಲ್ಲಿ ಒಂದು ಕೋಡ್ ಬರುತ್ತದೆ. ಕೋಡ್ ಎಂದರೆ ಕಾಯಿಲೆಯ ಹೆಸರಲ್ಲ, ಎಲ್ಲಿ ನೋಯುತ್ತಿದೆ ಎಂಬ ದೂರು. ಪಿ0171 ಬಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದರ್ಥ. ಅದಕ್ಕೆ ಸೀಳಿದ ರಬ್ಬರ್ ಪೈಪು ಕಾರಣವಿರಬಹುದು, ಸೋತ ಪಂಪು ಇರಬಹುದು. ಎಷ್ಟೋ ಜನ ಸಾವಿರಾರು ರೂಪಾಯಿಯ ಆಕ್ಸಿಜನ್ ಸೆನ್ಸರ್ ಬದಲಾಯಿಸಿ, ಲೈಟ್ ಮತ್ತೆ ಹತ್ತಿದಾಗ ಕೂತು ಯೋಚಿಸುತ್ತಾರೆ. ಪಿ0301 ಬಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗು. ಏನನ್ನೂ ಕೊಳ್ಳದೆ ಒಂದನೆಯದರ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಒಂದನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ. ಈಗ ಪಿ0302 ಬಂದರೆ ಕಾಯಿಲೇ ಕಳ್ಳ. ಇನ್ನೂ ಪಿ0301 ಎಂದರೆ ಕಾಯಿಲ್ ನಿರಪರಾಧಿ, ಪ್ಲಗ್ಗನ್ನು ಹೀಗೇ ಅದಲುಬದಲು ಮಾಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು ಇದರ ಗುಟ್ಟು. ಎರಡನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ.

ಆ ಭಾನುವಾರ ಹುಡುಗನ ಕಾರನ್ನು ಇಳಿಸಿ, ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಸದ್ದು ಯಾವಾಗ ಬರುತ್ತದೆ ಎಂದು ಕೇಳಿದೆ. ‘ಯಾವಾಗಲೂ’ ಎಂದ. ನೇರ ಹೋಗುವಾಗಲೂ? ಸ್ವಲ್ಪ ಯೋಚಿಸಿ, ಇಲ್ಲ ಎಂದ. ಬ್ರೇಕ್ ಹಾಕಿದಾಗ? ಇಲ್ಲ. ನೆಲಮಾಳಿಗೆಯ ಇಳಿಜಾರು ಹತ್ತಿ ಗೇಟಿನಲ್ಲಿ ತಿರುಗುವಾಗ ಬರುತ್ತದೆ. ಎಡಕ್ಕೋ ಬಲಕ್ಕೋ? ಅದು ಅವನಿಗೆ ಗೊತ್ತಿರಲಿಲ್ಲ. ಗಾಡಿಯನ್ನು ಹೊರಗೆ ತಂದು ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎರಡು ಸುತ್ತು ಹಾಕಿಸಿದೆ. ಎಡಕ್ಕೆ ಸುತ್ತಿದಾಗ ಸದ್ದಿಲ್ಲ, ಬಲಕ್ಕೆ ಸುತ್ತಿದಾಗ ಟಕ್ ಟಕ್ ಟಕ್. ಚಕ್ರದ ವೇಗಕ್ಕೆ ತಕ್ಕ ಹಾಗೆ. ಗಾಡಿ ಆಫ್ ಮಾಡಿ, ಸ್ಟಿಯರಿಂಗ್ ಹಾಗೇ ತಿರುಗಿದ್ದಂತೆ ಬಿಟ್ಟು, ಮುಂದಿನ ಎಡ ಚಕ್ರದ ಹಿಂದೆ ಫೋನಿನ ಟಾರ್ಚು ಬಿಟ್ಟು ಬಗ್ಗಿ ನೋಡಲು ಹೇಳಿದೆ. ಜಾಕ್ ಮುಟ್ಟಲಿಲ್ಲ. ಆಕ್ಸಲ್ಲಿನ ತುದಿಯ ರಬ್ಬರ್ ಬೂಟು ಸೀಳಿತ್ತು, ಒಳಗಿನ ಗ್ರೀಸೆಲ್ಲ ಚಕ್ರದ ಒಳಮೈಗೆ ಕಪ್ಪಗೆ ಎರಚಿಕೊಂಡಿತ್ತು. ಅವನು ಎಂಜಿನ್ನಿನ ಅಡಿಯಲ್ಲಿ ಹುಡುಕುತ್ತಿದ್ದದ್ದು ಅಲ್ಲಿರಲಿಲ್ಲ.

ಗ್ಯಾರೇಜಿನಲ್ಲಿ ಅವನು ‘ಎಡಗಡೆ ಆಕ್ಸಲ್, ಹೊರಗಿನ ಜಾಯಿಂಟು’ ಎಂದಷ್ಟೇ ಹೇಳಿದನಂತೆ. ಮಧ್ಯಾಹ್ನದೊಳಗೆ ಕೆಲಸ ಮುಗಿದಿತ್ತು.

ಮೊನ್ನೆ ಭಾನುವಾರ ಮತ್ತೆ ಅವನು ನೆಲಮಾಳಿಗೆಯಲ್ಲಿ ಸಿಕ್ಕ, ಎಂಜಿನ್ ಆಯಿಲ್ ಬದಲಾಯಿಸುವ ತಯಾರಿಯಲ್ಲಿದ್ದ. ಹಿಂದಿನ ಚಕ್ರಗಳಿಗೆ ಮರದ ಅಡ್ಡಪಟ್ಟಿ ಕೊಟ್ಟಿದ್ದ. ಮುಂದುಗಡೆ ಎರಡು ಹೊಸ ಸ್ಟ್ಯಾಂಡು, ಬಣ್ಣ ಇನ್ನೂ ಹೊಳೆಯುತ್ತಿತ್ತು. ನಾನು ಹಾಲಿನ ಚೀಲ ಹಿಡಿದು ದೂರದಲ್ಲೇ ನಿಂತೆ. ಅವನು ನನ್ನನ್ನು ನೋಡಿರಲಿಲ್ಲ. ಜಾಕ್ ಇಳಿಸಿ, ಕಾರು ಸ್ಟ್ಯಾಂಡಿನ ಮೇಲೆ ಕೂತಮೇಲೆ, ಎದ್ದು ನಿಂತು ಸೊಂಟ ಕೊಟ್ಟು ಜೋರಾಗಿ ಒಮ್ಮೆ ತಳ್ಳಿದ. ಅಲುಗಲಿಲ್ಲ. ಆಚೆ ಬದಿಗೆ ಹೋಗಿ ಇನ್ನೊಮ್ಮೆ ತಳ್ಳಿದ. ಆಮೇಲೆ ರಟ್ಟು ಹಾಸಿಕೊಂಡು ಕೆಳಗೆ ಜಾರಿದ.